ನಡುಜಾಗದ ಆಟ ಕಲಿಸಿದ ರಹೀಂ ಸಾಹೇಬರು

ನೆಂಟರ ಮನೆಯ ಮದುವೆಗೆಂದು ನಾವು ಹಿಂದೂಪುರಕ್ಕೆ ಹೋಗಿದ್ದೆವು. ಗೌರಿಬಿದನೂರು ದಾಟಿ ಆಂಧ್ರದ ಗಡಿ ಹೊಕ್ಕರೆ ಸಿಗುವ ಊರು ಅದು. ಅಂಗಡಿಗಳ ಹಲಗೆ ತೆಲುಗಿನಲ್ಲಿದ್ದರೂ ಅಂಗಡಿಯವನ ಬಾಯಲ್ಲಿ ಕನ್ನಡ ಅಷ್ಟೇ ಸಲೀಸು. ಮದುವೆಯ ಹಿಂದಿನ ದಿನ ಸಂಜೆ ಹೊತ್ತು ಹೋಗದೆ ಹತ್ತಿರದ ಶಾಲೆಯ ಬಯಲಿನ ಕಡೆ ನಡೆದೆವು. ಹುಡುಗರು ಕಾಲ್ಚೆಂಡು ಆಡುತ್ತಿದ್ದರು. ಆಟಕ್ಕಿಂತ ಜಗಳವೇ ಜೋರಾಗಿತ್ತು.

ಜಗಳ ಒಬ್ಬ ಸಣಕಲು ಹುಡುಗನ ಮೇಲೆ. ಅವನನ್ನು ಬ್ಯಾಕ್ ಜಾಗದಲ್ಲಿ ನಿಲ್ಲಿಸಿದ್ದರು. ಅವನೋ ಚೆಂಡು ಸಿಕ್ಕಿದ್ದೇ ತಡ ಮುಂದಕ್ಕೆ ಓಡಿ ಗೋಲು ಹೊಡೆದು, ಏನೂ ನಡೆಯದವನಂತೆ ಹಿಂದಕ್ಕೆ ಬಂದು ನಿಲ್ಲುತ್ತಿದ್ದ. ಹಿಂದಿನವನು ಹಿಂದೆಯೇ ಇರಬೇಕು, ಜಾಗ ಬಿಟ್ಟು ಹೋಗುವುದೇಕೆ ಎಂದು ಅವನ ತಂಡದ ನಾಯಕ ಗದರುತ್ತಿದ್ದ. ಇವನು ಬ್ಯಾಕೋ ಫಾರ್ವರ್ಡೋ ಮೊದಲು ಹೇಳಿ, ನಾವು ಯಾರನ್ನು ಕಾಯಬೇಕು ಎಂದು ಎದುರು ತಂಡದವರ ತಗಾದೆ. ಗೋಲು ಹೊಡೆದವನು ತನ್ನವರಿಗೂ ಬೇಡ, ಎದುರಾಳಿಗಳಿಗೂ ಬೇಡ ಎಂಬಂತಾಗಿತ್ತು.

ಎರಡು ದಿನ ಬಿಟ್ಟು ಕಲ್ಯಾಣದುರ್ಗದಲ್ಲಿ ಇನ್ನೊಬ್ಬ ಬಂಧುಗಳ ಮನೆಗೆ ಹೋದಾಗ ಈ ಸಂಗತಿಯನ್ನು ಹೇಳಿ ನಕ್ಕೆವು. ಅಲ್ಲಿಗೆ ಬಂದಿದ್ದ ನಿವೃತ್ತ ವ್ಯಾಯಾಮ ಶಿಕ್ಷಕರೊಬ್ಬರು ಮಾತ್ರ ನಗಲಿಲ್ಲ. ಮರುದಿನ ಬೆಳಿಗ್ಗೆ ನಮ್ಮನ್ನು ತಮ್ಮ ಬಯಲಿಗೆ ಕರೆದುಕೊಂಡು ಹೋದರು. ಮಳೆ ಕಾಣದ ಸೀಮೆಯ ಕೆಂಪು ನೆಲ, ಹುಲ್ಲಿನ ಹೆಸರಿಲ್ಲ. ಬಲಗಾಲಿನ ಹುಡುಗರೆಲ್ಲ ಎಡಗಾಲಿನಿಂದಲೇ ಒದೆಯಬೇಕು ಎಂಬುದು ಅಲ್ಲಿನ ಆ ಹೊತ್ತಿನ ಕಟ್ಟಳೆ. ಇದು ತಮ್ಮ ಬುದ್ಧಿಯಲ್ಲ, ಹೈದರಾಬಾದಿನ ರಹೀಂ ಸಾಹೇಬರು ಹಾಕಿಕೊಟ್ಟ ದಾರಿ ಎಂದು ಶಿಕ್ಷಕರು ವಿವರಿಸಿದರು. ಹಿಂದೂಪುರದ ಆ ಹುಡುಗನನ್ನು ಗದರಿದವರು ರಹೀಮರ ಕಥೆ ಕೇಳಿದವರಲ್ಲ ಎಂದೂ ಸೇರಿಸಿದರು.

ಸಯ್ಯದ್ ಅಬ್ದುಲ್ ರಹೀಮರ ಹೆಸರು ನಮ್ಮ ಓದುಗರಲ್ಲಿ ಅನೇಕರಿಗೆ 2024ರಲ್ಲಿ ತೆರೆಕಂಡ ಮೈದಾನ್ ಎಂಬ ಹಿಂದಿ ಚಿತ್ರದಿಂದ ಪರಿಚಯವಾಗಿರಬಹುದು. ಸಿನೆಮಾ ಸಿನೆಮಾವೇ. ಅವರ ಬದುಕನ್ನು, ಮುಖ್ಯವಾಗಿ ಹಿಂದಿನ ಆಟಗಾರನಿಗೆ ಅವರು ಕೊಟ್ಟ ಹೊಸ ಬೆಲೆಯನ್ನು, ನಾವು ತಿಳಿದಷ್ಟು ಇಲ್ಲಿ ಹೇಳುತ್ತೇವೆ.

ಶಾಲಾ ಮೇಷ್ಟ್ರು

ರಹೀಮರು ಹುಟ್ಟಿದ್ದು 1909ರ ಆಗಸ್ಟ್ 17ರಂದು ಹೈದರಾಬಾದಿನಲ್ಲಿ. ನಿಜಾಮರ ಆಳ್ವಿಕೆಯ ಕಾಲವದು. ಬೀದರ, ಗುಲ್ಬರ್ಗ, ರಾಯಚೂರುಗಳೂ ಆ ಸಂಸ್ಥಾನದಲ್ಲೇ ಇದ್ದವು. ಹಿಂದೂಪುರ, ಕಲ್ಯಾಣದುರ್ಗಗಳು ಮಾತ್ರ ಆಗ ಅನಂತಪುರ ಜಿಲ್ಲೆಯ ಊರುಗಳಾಗಿ ಮದರಾಸು ಪ್ರಾಂತಕ್ಕೆ ಸೇರಿದ್ದವು. ರಹೀಮರು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆದು ಶಾಲೆಯ ಮೇಷ್ಟ್ರಾದರು. ಮುಂದೆ ವ್ಯಾಯಾಮ ಶಿಕ್ಷಣದಲ್ಲೂ ಡಿಪ್ಲೊಮಾ ಮಾಡಿಕೊಂಡರು. ಸ್ವತಃ ಒಳ್ಳೆಯ ಆಟಗಾರರೇ. ಆದರೆ ಅವರ ಹೆಸರು ಉಳಿದದ್ದು ಕಾಲಿನಿಂದಲ್ಲ, ತಲೆಯಿಂದ.

1940ರ ದಶಕದ ಆರಂಭದಲ್ಲಿ ಅವರು ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. 1950ರಲ್ಲಿ ನಗರದ ಪೊಲೀಸ್ ತಂಡದ ತರಬೇತಿಯ ಹೊಣೆ ಅವರಿಗೆ ಬಂತು. ಅಲ್ಲಿಂದ ಮುಂದೆ ನಡೆದುದು ಭಾರತದ ಕಾಲ್ಚೆಂಡಿನ ಚರಿತ್ರೆಯಲ್ಲಿ ಅಪರೂಪದ ಸಂಗತಿ. ಮುಂಬಯಿಯ ರೋವರ್ಸ್ ಕಪ್ ಅನ್ನು ಹೈದರಾಬಾದ್ ಪೊಲೀಸರು 1950ರಿಂದ 1954ರ ತನಕ ಒಂದು ವರ್ಷವೂ ಬಿಡದೆ ಐದು ಬಾರಿ ಗೆದ್ದರು. 1956 ಮತ್ತು 1957ರ ಸಂತೋಷ್ ಟ್ರೋಫಿ ಪಂದ್ಯಾಟಗಳಲ್ಲಿ ಹೈದರಾಬಾದ್ ತಂಡವೇ ಗೆದ್ದಿತು. ಕಾಲ್ಚೆಂಡೆಂದರೆ ಕಲ್ಕತ್ತ ಎಂಬ ಮಾತಿಗೆ ದಕ್ಷಿಣದ ಒಬ್ಬ ಮೇಷ್ಟ್ರು ಹೀಗೆ ಉತ್ತರ ಕೊಟ್ಟರು.

ಮೇಷ್ಟ್ರ ಬುದ್ಧಿ ಅವರನ್ನು ಕೊನೆಯ ತನಕ ಬಿಡಲಿಲ್ಲ. ಎಳೆಯ ಹುಡುಗರಿಗಾಗಿ ಅವರು ವಿಚಿತ್ರ ಕಟ್ಟಳೆಗಳ ಪಂದ್ಯಾಟಗಳನ್ನು ಏರ್ಪಡಿಸುತ್ತಿದ್ದರು. ಒಂದರಲ್ಲಿ ಬಲವಿಲ್ಲದ ಕಾಲಿನಿಂದ ಮಾತ್ರ ಚೆಂಡು ಒದೆಯಬೇಕು. ಇನ್ನೊಂದರಲ್ಲಿ ಚೆಂಡನ್ನು ಕಾಲಲ್ಲಿಟ್ಟುಕೊಂಡು ಎದುರಾಳಿಗಳನ್ನು ತಪ್ಪಿಸುತ್ತ ಸಾಗುವಂತೆಯೇ ಇಲ್ಲ, ಬಂದ ಚೆಂಡನ್ನು ಕೂಡಲೇ ದಾಟಿಸಬೇಕು. ಎರಡು ಕಾಲೂ ಸರಿಯಾಗಿ ನಡೆಯುವ ಹುಡುಗ ಎಡಕ್ಕೂ ಸಲ್ಲುತ್ತಾನೆ, ಬಲಕ್ಕೂ ಸಲ್ಲುತ್ತಾನೆ. ಚೆಂಡನ್ನು ಹಿಡಿದಿಡದೆ ದಾಟಿಸುವವನು ಹಿಂದೆಯೂ ಮುಂದೆಯೂ ಒದಗುತ್ತಾನೆ. ಒಬ್ಬ ಆಟಗಾರನಿಗೆ ಒಂದೇ ಜಾಗ ಎಂಬ ಕಟ್ಟನ್ನು ರಹೀಮರು ಸಡಿಲಿಸಿದ್ದು ಹೀಗೆ, ಬೇರಿನಿಂದಲೇ.

ಸಿಕಂದರಾಬಾದಿನ ಅಮ್ಮುಗುಡ ಎಂಬಲ್ಲಿ ತುಳಸೀದಾಸ್ ಬಲರಾಮ್ ಎಂಬ ಬಡ ಹುಡುಗನಿದ್ದ. ಆಟವನ್ನು ಕಂಡ ರಹೀಮರು ತರಬೇತಿಗೆ ಬರಹೇಳಿದರು. ಅಷ್ಟು ದೂರ ದಿನವೂ ಬರಲು ಹುಡುಗನ ಕೈಯಲ್ಲಿ ಕಾಸಿಲ್ಲ. ಸೈಕಲಿನ ಬಾಡಿಗೆಯನ್ನು ರಹೀಮರೇ ಕೊಟ್ಟರು. ಆ ಹುಡುಗ ಎರಡು ಒಲಿಂಪಿಕ್ಸ್ ಆಡಿದ, ದೇಶದ ಅತ್ಯುತ್ತಮ ಫಾರ್ವರ್ಡ್‌ಗಳಲ್ಲಿ ಒಬ್ಬನಾದ.

ಅರ್ಧ ಹಿಂದೆ, ಅರ್ಧ ಮುಂದೆ

ಇಲ್ಲಿ ಆಟದ ಕಟ್ಟನ್ನು ಸ್ವಲ್ಪ ಹೇಳದಿದ್ದರೆ ರಹೀಮರ ಕೆಲಸ ಅರ್ಥವಾಗದು. ಹಳೆಯ ಪದ್ಧತಿಯಲ್ಲಿ ಗೋಲಿಯನ್ನು ಬಿಟ್ಟರೆ ಇಬ್ಬರು ಫುಲ್ ಬ್ಯಾಕ್, ಮೂವರು ಹಾಫ್ ಬ್ಯಾಕ್, ಐವರು ಫಾರ್ವರ್ಡ್. ಫುಲ್ ಬ್ಯಾಕ್ ಎಂದರೆ ಪೂರ್ತಿ ಹಿಂದಿನವನು, ಹಾಫ್ ಬ್ಯಾಕ್ ಎಂದರೆ ಅರ್ಧ ಹಿಂದಿನವನು. ಹೊಗಳಿಕೆಯೆಲ್ಲ ಮುಂದಿನ ಐವರಿಗೆ. ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ಬಿನ ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ ಎಂಬ ಐವರನ್ನು ಪಂಚಪಾಂಡವರೆಂದೇ ಜನ ಕರೆಯುತ್ತಿದ್ದರು. ಅವರಲ್ಲಿ ಅಪ್ಪಾರಾವ್ ಆಂಧ್ರದವರು, ಅಹ್ಮದ್ ಖಾನ್ ಬೆಂಗಳೂರಿನವರು, ಸಾಲೆ ಕೇರಳದವರು. ಆದರೆ ಅವರ ಹಿಂದೆ ನಿಂತು ಚೆಂಡು ಕಿತ್ತು ಒದಗಿಸಿದ ಹಾಫ್ ಬ್ಯಾಕ್‌ಗಳು ಯಾರೆಂದು ಕೇಳಿದರೆ ಹಳೆಯ ಅಭಿಮಾನಿಗಳೂ ತಡವರಿಸುತ್ತಾರೆ.

ಇದೇ ಹೆಸರುಗಳು ಅಮೆರಿಕದವರ ಫುಟ್ಬಾಲಿನಲ್ಲೂ ಉಂಟು. ಹೆಸರು ಒಂದೇ ಆದರೂ ಅದು ನಮ್ಮ ಕಾಲ್ಚೆಂಡಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಅಡ್ಡಗಟ್ಟಿ ಕೆಡಹುವ ಆಟ. ಪ್ರತಿ ಸರದಿಯ ಆರಂಭದಲ್ಲಿ ಚೆಂಡು ಹೊಂದಿರುವ ತಂಡದ ಹನ್ನೊಂದು ಮಂದಿಯಲ್ಲಿ ಏಳು ಮಂದಿ ಮುಂದೆ ಸಾಲಾಗಿ ನಿಲ್ಲುತ್ತಾರೆ, ಉಳಿದ ನಾಲ್ವರು ಹಿಂದೆ. ಹಿಂದಿನ ಆ ನಾಲ್ವರಲ್ಲಿ ಕಾಲು ಪಾಲು ಹಿಂದಿನವನು ಕ್ವಾರ್ಟರ್ ಬ್ಯಾಕ್, ಅರ್ಧ ಹಿಂದಿನವನು ಹಾಫ್ ಬ್ಯಾಕ್, ಪೂರ್ತಿ ಹಿಂದಿನವನು ಫುಲ್ ಬ್ಯಾಕ್. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಪಾಪ್ ವಾರ್ನರ್ ಎಂಬ ತರಬೇತುದಾರರು ಇವರಲ್ಲೊಬ್ಬನನ್ನು ಸಾಲಿನ ತುದಿಯ ಆಚೆಗೆ, ಒಂದು ಹೆಜ್ಜೆ ಹಿಂದೆ ನಿಲ್ಲಿಸಿದರು. ಅವನಿಗೆ ವಿಂಗ್ ಬ್ಯಾಕ್ ಎಂದು ಹೆಸರು ಬಂತು. ಅವನು ಮುಂದಿನವರಂತೆ ಎದುರಾಳಿಯನ್ನು ಅಡ್ಡಗಟ್ಟಬಲ್ಲ, ಹಿಂದಿನವರಂತೆ ಚೆಂಡು ಹೊತ್ತು ಓಡಬಲ್ಲ, ಎಸೆದುದನ್ನು ಹಿಡಿಯಲೂ ಬಲ್ಲ. ಮೂರರಲ್ಲಿ ಯಾವುದನ್ನು ಮಾಡುತ್ತಾನೆಂದು ಎದುರು ಪಕ್ಷಕ್ಕೆ ಮೊದಲೇ ತಿಳಿಯದು. ಅವನ ಬಲವಿದ್ದುದು ಅಲ್ಲಿಯೇ. ವಾರ್ನರರ ಕೈಕೆಳಗೆ ಕಾರ್ಲೈಲ್ ಶಾಲೆಯ ಹಾಫ್ ಬ್ಯಾಕ್ ಆಗಿದ್ದ ಜಿಮ್ ಥೋರ್ಪ್ ಓಡುವುದು, ಎಸೆಯುವುದು, ಒದೆಯುವುದು ಮೂರರಲ್ಲೂ ಎತ್ತಿದ ಕೈ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದ ಥೋರ್ಪ್ ಇವರೇ.

ಇದು ಹಳೆಯ ಕಾಲಕ್ಕೇ ಮುಗಿದ ಉಪಾಯವಲ್ಲ. 1980ರ ದಶಕದಲ್ಲಿ ವಾಷಿಂಗ್ಟನ್ ತಂಡದ ಜೋ ಗಿಬ್ಸ್ ಎಂಬವರು ಸಾಲಿನ ತುದಿಯ ಆಟಗಾರನೊಬ್ಬನನ್ನು ಹಿಂದಕ್ಕೆ ಸೆಳೆದು ಎಚ್ ಬ್ಯಾಕ್ ಎಂಬ ಜಾಗವನ್ನು ಬಳಕೆಗೆ ತಂದರು. ನ್ಯೂಯಾರ್ಕಿನ ಲಾರೆನ್ಸ್ ಟೇಲರ್ ಎಂಬ ಭಯಂಕರ ಎದುರಾಳಿಯನ್ನು ತಡೆಯುವುದು ಅದರ ಮೊದಲ ಉದ್ದೇಶವಾಗಿತ್ತು. ನಿಂತಲ್ಲೇ ನಿಲ್ಲುವವನನ್ನು ಕಾಯುವುದು ಸುಲಭ, ಎರಡು ಕೆಲಸದವನನ್ನು ಕಾಯುವುದು ಕಷ್ಟ ಎಂಬ ಒಂದೇ ಸತ್ಯ ಎರಡು ಆಟಗಳಲ್ಲೂ ನಡೆಯುತ್ತದೆ. ಹಿಂದೂಪುರದ ಹುಡುಗರ ತಗಾದೆಯೂ ಅದೇ ಅಲ್ಲವೇ.

ನಮ್ಮ ಕಾಲ್ಚೆಂಡಿನಲ್ಲಿ ಈ ಸತ್ಯ ಲೋಕಕ್ಕೆಲ್ಲ ಕಂಡದ್ದು 1953ರ ನವೆಂಬರ್ 25ರಂದು. ಲಂಡನಿನ ವೆಂಬ್ಲಿಯಲ್ಲಿ ಹಂಗೇರಿಯವರು ಇಂಗ್ಲೆಂಡನ್ನು 6-3ರಿಂದ ಸೋಲಿಸಿದರು. ಹಂಗೇರಿಯ ಸೆಂಟರ್ ಫಾರ್ವರ್ಡ್ ಹಿದೆಗ್‌ಕುಟಿ ಮುಂದೆ ನಿಲ್ಲದೆ ಹಿಂದಕ್ಕೆ ಸರಿದು ಆಡಿದರು, ಮೂರು ಗೋಲು ಹೊಡೆದರು. ಅವರನ್ನು ಯಾರು ಕಾಯಬೇಕೆಂದು ಇಂಗ್ಲೆಂಡಿನವರಿಗೆ ಕೊನೆಯವರೆಗೂ ತಿಳಿಯಲಿಲ್ಲ. ಹಿಂದಕ್ಕೆ ಸರಿದ ಫಾರ್ವರ್ಡ್, ಮುಂದಕ್ಕೆ ನುಗ್ಗುವ ಹಾಫ್ ಬ್ಯಾಕ್ ಇವೆರಡನ್ನೂ ರಹೀಮರು ಭಾರತದ ಆಟಕ್ಕೆ ಒಗ್ಗಿಸಿದರು. 1958ರಲ್ಲಿ ಬ್ರೆಜಿಲ್ ವಿಶ್ವಕಪ್ ಗೆದ್ದ ಮೇಲೆ ನಾಲ್ವರು ಹಿಂದೆ, ಇಬ್ಬರು ನಡುವೆ, ನಾಲ್ವರು ಮುಂದೆ ಎಂಬ ವ್ಯೂಹ ಊರೂರಿಗೆ ಹಬ್ಬಿತು. ನಡುವಿನ ಆ ಇಬ್ಬರು ಕಾವಲಿಗೂ ಬೇಕು, ದಾಳಿಗೂ ಬೇಕು. ರಹೀಮರ ಹುಡುಗರಿಗೆ ಅದು ಹೊಸ ಪಾಠವಾಗಿರಲಿಲ್ಲ.

ಗೆಲುವು, ಸೋಲು, ಮೆಲ್ಬರ್ನ್

1951ರಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ. ರಹೀಮರ ತಂಡ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದಿತು. ಗೋಲು ಹೊಡೆದವರು ಮೇವಾಲಾಲ್. ಆದರೆ ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೋಸ್ಲಾವಿಯ ನಮ್ಮವರನ್ನು 10-1ರಿಂದ ಬಡಿಯಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದ್ದರು. ಮಾನ ಉಳಿಸಿದ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನರದು. ಬೂಟು ಇಲ್ಲದೆ ಇನ್ನು ನಡೆಯದು ಎಂದು ದೇಶಕ್ಕೆ ಮನವರಿಕೆಯಾದುದು ಆ ಸೋಲಿನಿಂದ. ಬೂಟಿನಷ್ಟೇ ವ್ಯೂಹವೂ ಬದಲಾಗಬೇಕು ಎಂಬುದನ್ನು ರಹೀಮರು ಆಟದಲ್ಲೇ ತೋರಿಸಹೊರಟರು.

1956ರ ನವೆಂಬರ್ 1 ನಮ್ಮ ಓದುಗರು ಮರೆಯುವ ದಿನವಲ್ಲ. ಅಂದು ದಕ್ಷಿಣದ ನಕ್ಷೆಯೇ ಬದಲಾಯಿತು. ಕಾಸರಗೋಡು ಕೇರಳದ ಪಾಲಾಯಿತು. ಹೈದರಾಬಾದ್ ಸಂಸ್ಥಾನ ಮೂರು ಪಾಲಾಗಿ ಬೀದರ, ಗುಲ್ಬರ್ಗ, ರಾಯಚೂರುಗಳು ಮೈಸೂರಿಗೆ ಬಂದವು. ತೆಲುಗು ಜಿಲ್ಲೆಗಳು ಆಂಧ್ರದೊಂದಿಗೆ ಕೂಡಿ ಆಂಧ್ರಪ್ರದೇಶವಾಯಿತು. ಹಿಂದೂಪುರ, ಕಲ್ಯಾಣದುರ್ಗದವರೂ ಹೈದರಾಬಾದಿನ ರಹೀಮರೂ ಅಂದಿನಿಂದ ಒಂದೇ ರಾಜ್ಯದವರು. ಸರಿಯಾಗಿ ಒಂದು ತಿಂಗಳ ಬಳಿಕ, ಡಿಸೆಂಬರ್ 1ರಂದು, ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ರಹೀಮರ ತಂಡ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಸೋಲಿಸಿ ನಾಲ್ವರ ಸುತ್ತಿಗೇರಿತು. ಮುಂಬಯಿಯ ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ಏಷ್ಯದ ಯಾವ ದೇಶವೂ ಅದುವರೆಗೆ ಅಲ್ಲಿಗೆ ತಲಪಿರಲಿಲ್ಲ.

ಆ ತಂಡದಲ್ಲಿ ಹೈದರಾಬಾದಿನವರು ಹಲವರು. ಹಾಫ್ ಬ್ಯಾಕ್ ನೂರ್ ಮಹಮ್ಮದ್ ಅವರಲ್ಲೊಬ್ಬರು. ನಮ್ಮ ನೆರೆಯ ಕೋಝಿಕೋಡಿನ ಒಲಿಂಪಿಯನ್ ರಹಮಾನ್ ಹಿಂದಿನ ಕಾವಲಿನಲ್ಲಿದ್ದರು. ಸೆಮಿಫೈನಲಿನಲ್ಲಿ ಮತ್ತೆ ಅದೇ ಯುಗೋಸ್ಲಾವಿಯ. ಈ ಬಾರಿ ಮೊದಲ ಗೋಲು ನಮ್ಮದು. ಆಮೇಲೆ 4-1ರಿಂದ ಸೋತೆವು ನಿಜ. ಕಂಚಿನ ಪಂದ್ಯದಲ್ಲೂ ಬಲ್ಗೇರಿಯಕ್ಕೆ 3-0ರಿಂದ ಸೋತು ನಾಲ್ಕನೆಯವರಾದೆವು. ನಾಲ್ಕು ವರ್ಷಗಳ ಹಿಂದೆ ಹತ್ತು ಗೋಲು ತಿಂದವರು ನಾಲ್ಕನೆಯವರಾದುದು ಸಣ್ಣ ಮಾತಲ್ಲ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಹಂಗೇರಿಗೆ 2-1ರಿಂದ ಮಣಿದು, ಫ್ರಾನ್ಸಿನೊಂದಿಗೆ 1-1ರ ಸಮ ಮಾಡಿಕೊಂಡು ನಮ್ಮವರು ತಲೆಯೆತ್ತಿಯೇ ಮರಳಿದರು.

ಜಕಾರ್ತಾದ ಸ್ಟಾಪರ್

ರಹೀಮರ ಬದುಕಿನ ಕೊನೆಯ ದೊಡ್ಡ ಅಧ್ಯಾಯ 1962ರ ಜಕಾರ್ತಾ ಏಷ್ಯನ್ ಕೂಟ. ಆ ಹೊತ್ತಿಗೆ ಅವರ ಒಡಲೊಳಗೆ ರೋಗ ಬೇರೂರಿತ್ತು. ಕೆಮ್ಮು ಬಿಡುತ್ತಿರಲಿಲ್ಲ. ತಂಡಕ್ಕೂ ದಿನ ಚೆನ್ನಾಗಿರಲಿಲ್ಲ. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಕ್ಕೆ 2-0ರ ಸೋಲು. ಥಾಯ್ಲೆಂಡನ್ನು 4-1ರಿಂದ ಗೆದ್ದ ಪಂದ್ಯದಲ್ಲಿ ಸ್ಟಾಪರ್ ಜರ್ನೈಲ್ ಸಿಂಗರ ತಲೆಯೊಡೆದು ಹೊಲಿಗೆ ಹಾಕಬೇಕಾಯಿತು. ಜಪಾನನ್ನು 2-0ರಿಂದ ಸೋಲಿಸಿದ್ದು ಅವರಿಲ್ಲದೆ.

ಸ್ಟಾಪರ್ ಎಂದರೆ ಗೋಲಿನ ಮುಂದೆ ಬಂಡೆಯಂತೆ ನಿಲ್ಲುವವನು. ಎದುರಾಳಿಗಳ ಎತ್ತರದ ಚೆಂಡುಗಳನ್ನೆಲ್ಲ ತಲೆಯಿಂದಲೇ ತಡೆಯಬೇಕಾದವನು. ಹೊಲಿಗೆ ಹಾಕಿದ ತಲೆಯಲ್ಲಿ ಆ ಕೆಲಸ ಮಾಡುವುದು ಹೇಗೆ? ಇನ್ನೊಬ್ಬ ತರಬೇತುದಾರನಾಗಿದ್ದರೆ ಜರ್ನೈಲರನ್ನು ಬೆಂಚಿನಲ್ಲಿ ಕೂರಿಸುತ್ತಿದ್ದ. ರಹೀಮರು ಹಾಗೆ ಮಾಡಲಿಲ್ಲ. ಪಂಜಾಬಿನ ಕಾಲೇಜು ದಿನಗಳಲ್ಲಿ ಜರ್ನೈಲ್ ಫಾರ್ವರ್ಡ್ ಆಡಿದವರೆಂಬುದು ಅವರ ನೆನಪಿನಲ್ಲಿತ್ತು. ತಲೆಗೆ ಬ್ಯಾಂಡೇಜ್ ಕಟ್ಟಿದ ಆ ಸ್ಟಾಪರನ್ನು ಸೆಮಿಫೈನಲಿನಲ್ಲಿ ಅವರು ಸೆಂಟರ್ ಫಾರ್ವರ್ಡ್ ಜಾಗಕ್ಕೆ ಕಳುಹಿಸಿದರು. ಜರ್ನೈಲರ ಜಾಗವನ್ನು ಅರುಣ್ ಘೋಷ್ ನೋಡಿಕೊಂಡರು. ದಕ್ಷಿಣ ವಿಯೆಟ್ನಾಮಿನ ಎದುರು ಭಾರತ 3-2ರಿಂದ ಗೆದ್ದಿತು. ಒಂದು ಗೋಲು ಜರ್ನೈಲರದೇ.

ಸೆಪ್ಟೆಂಬರ್ 4ರಂದು ಫೈನಲ್. ಎದುರಾಳಿ ಮತ್ತೆ ದಕ್ಷಿಣ ಕೊರಿಯ. ಕ್ರೀಡಾಂಗಣದಲ್ಲಿ ಒಂದು ಲಕ್ಷದಷ್ಟು ಜನ, ಹೆಚ್ಚುಕಡಿಮೆ ಎಲ್ಲರೂ ನಮ್ಮ ವಿರುದ್ಧ. ಇಸ್ರೇಲ್ ಮತ್ತು ತೈವಾನಿನವರನ್ನು ಕೂಟದಿಂದ ಹೊರಗಿಟ್ಟುದನ್ನು ಭಾರತದ ಜಿ.ಡಿ. ಸೋಂಧಿಯವರು ಆಕ್ಷೇಪಿಸಿದ್ದರಿಂದ ಇಂಡೋನೇಷ್ಯದ ಜನ ಕೆರಳಿದ್ದರು. ನಮ್ಮ ರಾಯಭಾರ ಕಚೇರಿಯ ಮೇಲೂ ದಾಳಿಯಾಗಿತ್ತು. ನಮ್ಮವರ ಕಾಲಿಗೆ ಚೆಂಡು ಬಂದಾಗಲೆಲ್ಲ ಅರಚಾಟ. ಫೈನಲಿನ ಮುನ್ನ ರಹೀಮರು ಆಟಗಾರರನ್ನು ಕೂರಿಸಿಕೊಂಡು ತಮಗೊಂದು ಉಡುಗೊರೆ ಬೇಕು, ಅದು ಈ ಚಿನ್ನ ಎಂದು ಕೇಳಿಕೊಂಡರೆಂದು ಆ ಆಟಗಾರರು ಮುಂದೆ ನೆನೆದಿದ್ದಾರೆ.

ಹದಿನೇಳನೆಯ ನಿಮಿಷದಲ್ಲಿ ಪಿ.ಕೆ. ಬ್ಯಾನರ್ಜಿ ಗೋಲು ಹೊಡೆದರು. ಮೂರು ನಿಮಿಷ ಕಳೆದು ಎರಡನೆಯ ಗೋಲು, ಹೊಡೆದವರು ಜರ್ನೈಲ್ ಸಿಂಗ್. ಕೊರಿಯದವರು ಪಂದ್ಯದ ಕೊನೆಕೊನೆಗೆ ಒಂದು ಗೋಲು ತಂದರೂ ಹಿಂದೆ ಅರುಣ್ ಘೋಷ್, ಇರಿಂಞಾಲಕುಡದ ಚಂದ್ರಶೇಖರನ್ ಮತ್ತು ಗೋಲಿ ತಂಗರಾಜ್ ಮಣಿಯಲಿಲ್ಲ. ಚುನಿ ಗೋಸ್ವಾಮಿಯವರ ನಾಯಕತ್ವದ ತಂಡ 2-1ರಿಂದ ಗೆದ್ದಿತು. ಹಿಂದೆ ನಿಂತು ಗೋಲು ತಡೆಯಬೇಕಾದವನು ಮುಂದೆ ಹೋಗಿ ಹೊಡೆದ ಗೋಲೇ ಗೆಲುವಿನ ಅಂತರವಾಯಿತು. ಬಲವಿಲ್ಲದ ಕಾಲಿನ ಪಂದ್ಯಾಟ ಆಡಿಸಿದ ಮೇಷ್ಟ್ರು ಗಾಯಗೊಂಡ ತಲೆಯ ಆಟಗಾರನನ್ನೂ ಕೈಬಿಡದೆ ಅವನಿಗೊಂದು ಜಾಗ ಹುಡುಕಿದ್ದರು.

ಆಮೇಲೆ

ಹೈದರಾಬಾದಿಗೆ ಮರಳಿದ ರಹೀಮರಿಗೆ ಹೆಚ್ಚು ದಿನ ಉಳಿದಿರಲಿಲ್ಲ. ಶ್ವಾಸಕೋಶದ ಕ್ಯಾನ್ಸರಿನಿಂದ 1963ರ ಜೂನ್ 11ರಂದು ತೀರಿಕೊಂಡರು. ಆಗ ಅವರಿಗೆ 53 ವರ್ಷ. ತರಬೇತುದಾರರಿಗೆಂದು ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದುದು 1985ರಲ್ಲಿ, ಅವರು ಕಣ್ಮುಚ್ಚಿ 22 ವರ್ಷಗಳಾದ ಮೇಲೆ.

ಅವರ ಮಗ ಸಯ್ಯದ್ ಶಾಹಿದ್ ಹಕೀಮ್ 1960ರ ಒಲಿಂಪಿಕ್ ತಂಡದಲ್ಲಿದ್ದರು. ಅವರೂ ಹಾಫ್ ಬ್ಯಾಕ್ ಜಾಗದ ಆಟಗಾರರೇ. ವಾಯುಪಡೆಯಲ್ಲಿದ್ದು, ಮುಂದೆ ಅಂತಾರಾಷ್ಟ್ರೀಯ ರೆಫರಿಯಾಗಿ ಹೆಸರಾದ ಹಕೀಮರು 2021ರ ಆಗಸ್ಟ್ 22ರಂದು ನಮ್ಮ ಕಲಬುರಗಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

ರಹೀಮರ ಬಳಿಕ ಭಾರತ ಏಷ್ಯನ್ ಕೂಟದ ಕಾಲ್ಚೆಂಡಿನಲ್ಲಿ ಗೆದ್ದ ಪದಕ ಒಂದೇ, 1970ರ ಬ್ಯಾಂಕಾಕಿನ ಕಂಚು. ಆ ತಂಡಕ್ಕೆ ಪಾಠ ಹೇಳಿದವರಲ್ಲಿ ರಹೀಮರ ಶಿಷ್ಯ ಪಿ.ಕೆ. ಬ್ಯಾನರ್ಜಿ ಒಬ್ಬರು, ಬೆಂಗಳೂರಿನ ಬಾಷಾ ಇನ್ನೊಬ್ಬರು. ಚಿನ್ನ ಮತ್ತೆ ಬರಲಿಲ್ಲ. ಆಟಗಾರರಿಗೆ ಬರವಿತ್ತೆಂದು ನಾವು ಹೇಳಲಾರೆವು. ಇರುವ ಆಟಗಾರನಲ್ಲಿ ಇನ್ನೊಬ್ಬ ಆಟಗಾರನನ್ನು ಕಾಣುವ ಕಣ್ಣಿಗೆ ಬರ ಬಂದಿತು ಎಂದರೆ ಹೆಚ್ಚು ಸರಿಯಾದೀತು.

ಕಲ್ಯಾಣದುರ್ಗದ ಬಯಲಿನಲ್ಲಿ ಬಿಸಿಲು ಏರುವ ತನಕ ನಾವು ನಿಂತಿದ್ದೆವು. ಹುಡುಗರ ಎಡಗಾಲಿನ ಒದೆತಗಳು ಎಲ್ಲೆಲ್ಲಿಗೋ ಹೋಗುತ್ತಿದ್ದವು. ಬೇಲಿಯಾಚೆ ಶೇಂಗಾ ಹೊಲಕ್ಕೆ ಬಿದ್ದ ಚೆಂಡನ್ನು ತರಲು ಒಬ್ಬನಾದ ಮೇಲೊಬ್ಬ ಓಡುತ್ತಿದ್ದ. ಶಿಕ್ಷಕರು ಒಬ್ಬರನ್ನೂ ಗದರಲಿಲ್ಲ. ಹೊರಡುವಾಗ ನಾವು ಅವರಿಗೆ ಹಿಂದೂಪುರದ ಆ ಶಾಲೆಯ ಬಯಲು ಎಲ್ಲಿದೆಯೆಂದು ತಿಳಿಸಿದೆವು. ಆ ಸಣಕಲು ಹುಡುಗನ ಗುರುತನ್ನೂ ಕೇಳಿ ಇಟ್ಟುಕೊಂಡರು. ಮುಂದಿನ ಭಾನುವಾರವೇ ಬಸ್ಸು ಹತ್ತಿ ಹೋಗಿ ನೋಡಿಬರುವುದಾಗಿ ಹೇಳಿ ನಮ್ಮನ್ನು ಬೀಳ್ಕೊಟ್ಟರು.